ಮದುವೆ ತಾರೀಖು ಬದಲಾಯಿತು, ಟಿಕೆಟ್ ದುಡ್ಡು ಹೋಯಿತು. ಕರೆಸಿಕೊಂಡವರಿಗೆ ಕಾನೂನಿನಲ್ಲಿ ಏನಾದರೂ ಹಕ್ಕಿದೆಯಾ?

ಡೊಂಬಿವಲಿ ಕನ್ನಡತಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗುತ್ತೆ, ದಯವಿಟ್ಟು ಪೂರ್ತಿ ಓದಿ.

ದಾವಣಗೆರೆಯಲ್ಲಿ ನನ್ನ ಚಿಕ್ಕಪ್ಪನ ಮಗಳ ಮದುವೆ. ಒಂದೂವರೆ ತಿಂಗಳ ಹಿಂದೆಯೇ ಲಗ್ನಪತ್ರಿಕೆ ಕೊರಿಯರ್‌ನಲ್ಲಿ ಬಂತು, ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದರು. ಆ ದಿನವೇ ಕೂತು ದಾದರ್‌ನಿಂದ ಚಾಲುಕ್ಯ ಎಕ್ಸ್‌ಪ್ರೆಸ್‌ಗೆ ನಾಲ್ಕು ಜನಕ್ಕೆ ಥರ್ಡ್ ಎಸಿ ಟಿಕೆಟ್ ಮಾಡಿಸಿದೆ, ಹೋಗೋಕೂ ಬರೋಕೂ. ನಮ್ಮ ಯಜಮಾನರು ರಜೆ ಹಾಕಿದರು. ಮಗನ ಶಾಲೆಗೂ ಹೇಳಿ ಆಯಿತು.

ಮೊನ್ನೆ, ಮದುವೆಗೆ ಇನ್ನು ಹದಿನೇಳು ದಿನ ಇದೆ ಅಂದುಕೊಂಡಿರುವಾಗ, ಚಿಕ್ಕಮ್ಮ ವಾಟ್ಸಾಪ್ ಗುಂಪಿನಲ್ಲಿ ಕಾರ್ಡಿನ ಫೋಟೋ ಹಾಕಿದರು. ಅದೇ ಹಳೇ ಕಾರ್ಡು. ತಾರೀಖಿನ ಮೇಲೆ ಮಾತ್ರ ಒಂದು ಬಿಳಿ ಸ್ಟಿಕ್ಕರ್ ಅಂಟಿಸಿ ಹೊಸ ದಿನ ಬರೆದಿದ್ದಾರೆ. ಸ್ಟಿಕ್ಕರ್ ಸೊಟ್ಟಗೆ ಕೂತಿದೆ, ಕೆಳಗಿನಿಂದ ಹಳೇ ತಾರೀಖಿನ ಒಂದು ಅಂಕೆ ಇಣುಕುತ್ತಿದೆ. ಮದುವೆ ಒಂಬತ್ತು ದಿನ ಮೊದಲೇ ನಡೆಯುತ್ತೆ ಅಂತೆ. ಕಾರಣ ಬರೆದಿಲ್ಲ. ‘ಎಲ್ಲರೂ ತಪ್ಪದೇ ಬನ್ನಿ’ ಅಂತ ಒಂದು ಸಾಲು, ಅಷ್ಟೇ.

ಹಳೇ ಟಿಕೆಟ್ ರದ್ದು ಮಾಡಿದೆ. ಒಂದೊಂದಕ್ಕೂ 180 ರೂಪಾಯಿ ಮುರಿದುಕೊಂಡರು, ಮೇಲೆ ಜಿಎಸ್‌ಟಿ, ಅಂಥ ಎಂಟು. ಹೊಸ ದಿನಕ್ಕೆ ರೈಲಿನಲ್ಲಿ ವೇಟಿಂಗ್ ಲಿಸ್ಟ್ ಬಿಟ್ಟರೆ ಏನೂ ಇಲ್ಲ. ಬಸ್ಸಿನಲ್ಲಿ ಹೋದರೆ ಆರು ಸಾವಿರ ಜಾಸ್ತಿ. ಯಜಮಾನರಿಗೆ ಆ ವಾರ ರಜೆ ಸಿಗಲ್ಲ, ಸಂಬಳ ಬಿಟ್ಟು ಬರಬೇಕು. ಅವರು ಹೇಳುವುದು, ‘ಅಚ್ಚು ಹಾಕಿಸಿ, ಹೆಸರು ಬರೆದು ಕರೆದಿದ್ದಾರೆ, ಅದನ್ನು ನಂಬಿ ದುಡ್ಡು ಹಾಕಿದ್ದೇವೆ, ಕೇಳೋ ಹಕ್ಕು ಇರಲೇಬೇಕು’ ಅಂತ. ನನಗೆ ಜಗಳ ಬೇಡ. ಆದರೆ ಹಕ್ಕು ಇದೆಯೋ ಇಲ್ಲವೋ ತಿಳಿದುಕೊಳ್ಳಬೇಕು.

ಹುಬ್ಬಳ್ಳಿ ವಕೀಲೆ

ಸಿವಿಲ್ ಕೇಸು ನಡೆಸುವವಳು ನಾನು, ಅದಕ್ಕೆ ನೇರವಾಗಿ ಹೇಳುತ್ತೇನೆ. ಚಿಕ್ಕಪ್ಪನಿಂದ ಕಾನೂನಿನ ಮೂಲಕ ಆ ದುಡ್ಡು ವಸೂಲು ಮಾಡೋಕೆ ಆಗಲ್ಲ.

ನಮ್ಮಲ್ಲಿ ಕರಾರಿನ ಕಾಯ್ದೆ 1872ರದ್ದು. ಒಬ್ಬರು ಪ್ರಸ್ತಾಪ ಇಡಬೇಕು, ಇನ್ನೊಬ್ಬರು ಒಪ್ಪಬೇಕು, ಇಷ್ಟೇ ಸಾಲದು. ಪ್ರತಿಫಲ ಅಂತ ಒಂದು ಇರಬೇಕು. ಅಂದರೆ ನೀವು ನನಗೆ ಏನೋ ಕೊಡುತ್ತೀರಿ, ಬದಲಿಗೆ ನಾನು ಏನೋ ಕೊಡುತ್ತೇನೆ. ಪ್ರತಿಫಲ ಇಲ್ಲದ ಮಾತು, ಕೆಲವೇ ಸಂದರ್ಭ ಬಿಟ್ಟರೆ, ಕಾಯ್ದೆಯ 25ನೇ ಕಲಮಿನ ಪ್ರಕಾರ ಕರಾರೇ ಅಲ್ಲ. ನಿಮ್ಮ ಚಿಕ್ಕಪ್ಪ ನಿಮ್ಮಿಂದ ಏನೂ ಕೇಳದೆ ಊಟಕ್ಕೆ ಕರೆದಿದ್ದಾರೆ. ನೀವು ಕೊಡುವ ಮುಯ್ಯಿ ಪ್ರತಿಫಲ ಅಲ್ಲ, ಅದು ನಿಮ್ಮ ಪ್ರೀತಿ. ನೀವು ಟಿಕೆಟ್‌ಗೆ ಹಾಕಿದ ದುಡ್ಡೂ ಪ್ರತಿಫಲ ಅಲ್ಲ, ಕರೆದದ್ದಕ್ಕೆ ಬದಲಾಗಿ ಅವರು ಅದನ್ನು ಕೇಳಿರಲಿಲ್ಲ.

ಇನ್ನೊಂದು ವಿಷಯ. ಮಾತು ಕೊಡುವಾಗ ‘ತಪ್ಪಿದರೆ ಕೋರ್ಟಿಗೆ ಹೋಗಬಹುದು’ ಅನ್ನೋ ಭಾವನೆ ಇಬ್ಬರಿಗೂ ಇತ್ತಾ ಅಂತ ನೋಡುತ್ತಾರೆ. 1919ರ ಒಂದು ಇಂಗ್ಲಿಷ್ ತೀರ್ಪನ್ನು ಇವತ್ತಿಗೂ ನಮಗೆ ಕಲಿಸುತ್ತಾರೆ. ಸಿಲೋನ್‌ನಲ್ಲಿ ಕೆಲಸದಲ್ಲಿದ್ದ ಗಂಡ, ಇಂಗ್ಲೆಂಡಿನಲ್ಲಿ ಉಳಿದ ಹೆಂಡತಿಗೆ ತಿಂಗಳಿಗೆ 30 ಪೌಂಡ್ ಕಳಿಸುತ್ತೇನೆ ಅಂದಿದ್ದ. ಕಳಿಸಲಿಲ್ಲ. ಮನೆಯೊಳಗಿನ ಇಂಥ ಮಾತು ಕರಾರಲ್ಲ ಅಂತ ಕೋರ್ಟು ಹೇಳಿತು. ಗಂಡ ಹೆಂಡತಿಗೆ ಕೊಟ್ಟ ಮಾತೇ ಅಲ್ಲಿ ನಿಲ್ಲಲಿಲ್ಲ, ಊಟಕ್ಕೆ ಕರೆದದ್ದು ಎಲ್ಲಿ ನಿಲ್ಲುತ್ತೆ?

ಬೇಜಾರಾಗಬೇಡಿ. ನಿಮ್ಮ ನಷ್ಟ ನಿಜ. ಕಾನೂನು ಅದನ್ನು ಸಂಬಂಧಿಕರ ನಡುವೆಯೇ ಬಿಟ್ಟುಬಿಟ್ಟಿದೆ.

ಮಂಡ್ಯದ ಮೇಷ್ಟ್ರು

ಮೇಡಂ, ಒಂದು ಅನುಮಾನ. ‘ಇದನ್ನೇ ವೈಯಕ್ತಿಕ ಆಹ್ವಾನವೆಂದು ಭಾವಿಸಿ’ ಅಂತ ಕಾರ್ಡಿನಲ್ಲೇ ಬರೆದಿರುತ್ತಾರಲ್ಲ, ಅದನ್ನು ನಂಬಿ ಹೊರಟವರ ಕಥೆ ಏನು? ಹಾಗಾದರೆ ಆ ಕಾರ್ಡಿಗೆ ಕಾನೂನಿನಲ್ಲಿ ಬೆಲೆಯೇ ಇಲ್ವಾ?

ಹುಬ್ಬಳ್ಳಿ ವಕೀಲೆ

ನಂಬಿಸಿ ಆಮೇಲೆ ತಿರುಗಿಬೀಳಬಾರದು ಅನ್ನೋ ತತ್ವ ಇದೆ, ಆದರೆ ಅದನ್ನು ಹಿಡಿದುಕೊಂಡು ಹೋಗಿ ಮದುವೆ ಮನೆಯವರಿಂದ ಬಸ್ ಚಾರ್ಜ್ ವಸೂಲು ಮಾಡೋಕೆ ಆಗಲ್ಲ. ದಿನ ಬದಲಾಗಬಹುದು ಅನ್ನೋದು ಕರೆದವರಿಗೂ ಗೊತ್ತು, ಬರುವವರಿಗೂ ಗೊತ್ತು.

ಕಾರ್ಡಿಗೆ ಬೆಲೆ ಇದೆ, ಬೇರೆ ಕಡೆ. ಮದುವೆ ನೋಂದಣಿಗೆ ಉಪನೋಂದಣಿ ಕಚೇರಿಗೆ ಹೋದಾಗ ಲಗ್ನಪತ್ರಿಕೆ ಕೇಳುತ್ತಾರೆ. ಅಲ್ಲಿ ಹಳೇ ತಾರೀಖಿನ ಕಾರ್ಡು ಕೊಟ್ಟು, ಮದುವೆ ಬೇರೆ ದಿನ ಆಗಿದ್ದರೆ ಹುಡುಗ ಹುಡುಗಿಗೆ ಸುಮ್ನೆ ತಲೆನೋವು. ವೀಸಾಗೆ ಅರ್ಜಿ ಹಾಕುವವರಿದ್ದರೆ ಇನ್ನೂ ಜಾಸ್ತಿ. ಡೊಂಬಿವಲಿಯವರೇ, ನಿಮ್ಮ ತಂಗಿಗೆ ಹೇಳಿ, ಸ್ಟಿಕ್ಕರ್ ಅಂಟಿಸಿದ್ದು ಬೇಡ, ಹೊಸ ತಾರೀಖಿನದ್ದು ಹತ್ತೇ ಹತ್ತು ಪ್ರತಿ ಆದರೂ ಅಚ್ಚು ಹಾಕಿಸಿ ಇಟ್ಟುಕೊಳ್ಳಲಿ.

ಬೆಂಗಳೂರು ಜಯನಗರ

ನನ್ನದು ಮದುವೆ ಅಲ್ಲ, ಆದರೆ ಹತ್ತಿರದ್ದೇ. ಒಂದು ಸಂಗೀತ ಕಾರ್ಯಕ್ರಮಕ್ಕೆ ಮೂರು ಟಿಕೆಟ್ ತಗೊಂಡೆ, ಒಂದಕ್ಕೆ 2,500 ರೂಪಾಯಿ. ಊರ ಮಧ್ಯೆ ಇದ್ದ ಸಭಾಂಗಣ ಅಂತ ತಗೊಂಡದ್ದು. ನಾಲ್ಕು ದಿನ ಇರುವಾಗ ಜಾಗ ಬದಲಾಯಿಸಿ ಊರಾಚೆ ಮೈದಾನಕ್ಕೆ ಹಾಕಿದರು, ತಾರೀಖೂ ಬದಲಾಯಿತು. ಅಮ್ಮನಿಗೆ ಮಂಡಿ ನೋವು, ಅಷ್ಟು ದೂರ ಕರೆದುಕೊಂಡು ಹೋಗೋಕೆ ಆಗಲ್ಲ. ದುಡ್ಡು ಕೇಳಿದರೆ ‘ಟಿಕೆಟ್ ಹಿಂದೆ ಬರೆದಿದೆ ನೋಡಿ, ಹಣ ವಾಪಸ್ ಇಲ್ಲ’ ಅಂದರು. ನಾನೂ ಮದುವೆಗೆ ಕರೆಸಿಕೊಂಡವರ ಥರಾನೇ ಬಾಯಿ ಮುಚ್ಚಿಕೊಂಡು ಕೂರಬೇಕಾ?

ಹುಬ್ಬಳ್ಳಿ ವಕೀಲೆ

ಖಂಡಿತ ಬೇಡ! ನಿಮ್ಮದು ಪೂರ್ತಿ ಬೇರೆ. ನೀವು ದುಡ್ಡು ಕೊಟ್ಟಿದ್ದೀರಿ. ಅಲ್ಲಿಗೆ ನೀವು ಗ್ರಾಹಕರು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಹೇಳಿದ ದಿನ, ಹೇಳಿದ ಜಾಗದಲ್ಲಿ ಕೊಡದಿದ್ದರೆ ಅದನ್ನು ಸೇವೆಯಲ್ಲಿ ಕೊರತೆ ಅಂತ ವಾದಿಸಬಹುದು. ‘ಹಣ ವಾಪಸ್ ಇಲ್ಲ’ ಅನ್ನೋ ಸಾಲು ಬರೆದ ಮಾತ್ರಕ್ಕೆ ಅವರು ಪಾರಾಗಲ್ಲ. ಒಬ್ಬರಿಗೇ ಅನುಕೂಲವಾಗುವಂತೆ ಬರೆದ ಷರತ್ತನ್ನು ಅನ್ಯಾಯದ ಕರಾರು ಅಂತ ಕರೆದು ಪ್ರಶ್ನಿಸೋಕೆ ಈ ಕಾಯ್ದೆಯಲ್ಲೇ ದಾರಿ ಇದೆ. ನೀವಾಗಿ ಮನಸ್ಸು ಬದಲಾಯಿಸಿ ‘ಬರಲ್ಲ’ ಅಂದಿದ್ದರೆ ಆ ಷರತ್ತಿಗೆ ಸ್ವಲ್ಪ ಅರ್ಥ ಇತ್ತು. ಬದಲಾಯಿಸಿದವರು ಅವರು.

ಮೊದಲು ಇಮೇಲ್ ಮಾಡಿ, ದುಡ್ಡು ವಾಪಸ್ ಬೇಕು ಅಂತ ಸ್ಪಷ್ಟವಾಗಿ ಬರೆಯಿರಿ, ದಿನ ಗೊತ್ತು ಮಾಡಿ. ಹಳೇ ಜಾಹೀರಾತು, ಟಿಕೆಟ್, ಬದಲಾವಣೆಯ ಸಂದೇಶ, ಮೂರರದ್ದೂ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡಿ, ಯಾಕೆಂದರೆ ಹಳೇ ಪುಟವನ್ನು ಅವರು ತೆಗೆದುಹಾಕಬಹುದು. ಆಮೇಲೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಎಷ್ಟೋ ಪ್ರಕರಣ ಅಲ್ಲೇ ಮುಗಿಯುತ್ತೆ. ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ವಾಸವಾಗಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅವರ ಕಚೇರಿ ಮುಂಬೈಯಲ್ಲಿದ್ದರೂ ಸರಿ. ಕೊಟ್ಟ ಹಣ ಐದು ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರೂ ಕಡ್ಡಾಯ ಅಲ್ಲ, ವಕೀಲೆಯಾಗಿ ನಾನೇ ಹೇಳುತ್ತಿದ್ದೇನೆ. ಎರಡು ವರ್ಷದೊಳಗೆ ಕೊಡಬೇಕು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು.

ತುಮಕೂರು ಅಪ್ಪ

ನಾನು ಹೆಣ್ಣಿನ ಕಡೆಯವನಾಗಿ ಮಾತಾಡುತ್ತೇನೆ. ತಾರೀಖು ಬದಲಾಯಿಸಿದ ಮನೆಯವರ ಕಷ್ಟವೂ ಇಲ್ಲಿ ಬರಬೇಕು ಅಲ್ವಾ.

2020ರ ಮೇ ತಿಂಗಳಲ್ಲಿ ಮಗಳ ಮದುವೆ ಇತ್ತು. 700 ಪತ್ರಿಕೆ ಹಂಚಿ ಆಗಿತ್ತು. ಲಾಕ್‌ಡೌನ್ ಬಂತು. ಮದುವೆಗೆ 50 ಜನ ಮಾತ್ರ ಅಂತ ಕೇಂದ್ರದ ಆದೇಶ. 700 ಮನೆ ಕರೆದು 50 ಜನ ಅಂದರೆ ಏನು ಮಾಡೋದು. ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಂಡು ಪತ್ರಿಕೆ ಕೊಟ್ಟ ಪಟ್ಟಿ ನೋಡಿಕೊಂಡು ಒಂದೊಂದೇ ಹೆಸರು ಬರೆದೆ. ನಾನು, ನನ್ನ ಹೆಂಡತಿ, ಮಗ, ಮೂರು ಜನ ಮೂರು ಫೋನ್ ಹಿಡಿದು ಆರು ದಿನ ಕೂತೆವು. ಮಾತಾಡಿದವರ ಮುಂದೆ ಸರಿ ಗುರುತು, ಸಿಗದವರ ಮುಂದೆ ಸೊನ್ನೆ. ‘ದಯವಿಟ್ಟು ಬರಬೇಡಿ’ ಅಂತ ಹೇಳುವಾಗ ನನ್ನ ಹೆಂಡತಿ ಪ್ರತಿ ಸಲ ಅತ್ತಳು. ಕರೆದ ಬಾಯಲ್ಲೇ ಬೇಡ ಅನ್ನೋದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು.

ಇನ್ನು ಮಂಟಪದವರು. ಅಡ್ವಾನ್ಸ್ ಒಂದೂವರೆ ಲಕ್ಷ ಕೊಟ್ಟಿದ್ದೆ. ‘ಮುಂದಿನ ವರ್ಷ ಬೇಕಾದರೆ ಮಾಡಿಕೊಳ್ಳಿ, ದುಡ್ಡು ಕೊಡಲ್ಲ’ ಅಂದರು. ಮದುವೆ ಮನೆಯಲ್ಲೇ ಆಗಿಹೋಯಿತು, ಮುಂದಿನ ವರ್ಷ ಮಂಟಪ ಇಟ್ಟುಕೊಂಡು ನಾನೇನು ಮಾಡಲಿ? ಗ್ರಾಹಕ ಆಯೋಗಕ್ಕೆ ಹೋದೆ. ಒಂದು ವರ್ಷದ ಮೇಲಾಯಿತು, ಆದರೆ ಬಂತು, ಸ್ವಲ್ಪ ಮುರಿದುಕೊಂಡು.

ಹುಬ್ಬಳ್ಳಿ ವಕೀಲೆ

ತುಮಕೂರಿನವರು ಹೇಳಿದ್ದು ತುಂಬಾ ಮುಖ್ಯ. ಒಂದೇ ಮದುವೆಯಲ್ಲಿ ಎರಡು ಥರದ ಸಂಬಂಧ ಇರುತ್ತೆ. ಕರೆದವರು ಮತ್ತು ಬಂದವರ ನಡುವೆ ಕರಾರು ಇಲ್ಲ. ಕರೆದವರು ಮತ್ತು ಮಂಟಪ, ಅಡುಗೆಯವರು, ಫೋಟೋದವರು, ಇವರ ನಡುವೆ ಪಕ್ಕಾ ಕರಾರು ಇದೆ. ಯಾರ ತಪ್ಪೂ ಇಲ್ಲದೆ ಕೆಲಸ ಅಸಾಧ್ಯವಾದರೆ ಕರಾರು ಅಲ್ಲಿಗೆ ಮುಗಿಯಿತು, ಇದು ಕರಾರಿನ ಕಾಯ್ದೆಯ 56ನೇ ಕಲಮು. ಹಾಗೆ ಮುಗಿದಾಗ ಪಡೆದದ್ದನ್ನು ಹಿಂದಿರುಗಿಸಬೇಕು, ಇದು 65. ಕೊರೋನಾ ಕಾಲದಲ್ಲಿ ಈ ಎರಡು ಕಲಮುಗಳ ಮಾತು ದಿನಾ ಕೇಳಿಬರುತ್ತಿತ್ತು.

ಮದುವೆಯೇ ಮುರಿದರೆ? ಮದುವೆಯಾಗುತ್ತೇನೆ ಅಂತ ಒಪ್ಪಿ, ಕಾರಣವಿಲ್ಲದೆ ಕೈಕೊಟ್ಟವರ ಮೇಲೆ ಇನ್ನೊಂದು ಕಡೆಯವರು ಖರ್ಚಿಗೆ ಪರಿಹಾರ ಕೇಳಿ ದಾವೆ ಹಾಕಬಹುದು. ಅದು ಆ ಇಬ್ಬರ ನಡುವಿನ ಮಾತು. ಊಟಕ್ಕೆ ಬರಬೇಕಾಗಿದ್ದವರು ಆ ಕರಾರಿನ ಒಳಗೆ ಇಲ್ಲ.

ದುಬೈ ಉಡುಪಿಯವ

ವಿಮಾನದಲ್ಲಿ ಬರುವವರಿಗೆ ಒಂದು ಮಾತು, ಎಷ್ಟೋ ಜನಕ್ಕೆ ಗೊತ್ತಿಲ್ಲ. ‘ವಾಪಸ್ ಇಲ್ಲ’ ಅಂತ ಕಡಿಮೆ ದರದ ಟಿಕೆಟ್ ತಗೊಂಡಿದ್ದರೂ ಅದರಲ್ಲಿ ಸೇರಿಸಿದ ತೆರಿಗೆ, ವಿಮಾನ ನಿಲ್ದಾಣದ ಶುಲ್ಕ ವಾಪಸ್ ಕೊಡಲೇಬೇಕು ಅಂತ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮ ಇದೆ. ಹೋಗದೆ ಬಿಟ್ಟ ಟಿಕೆಟ್‌ಗೂ ಅನ್ವಯ. ಕೇಳಿದರೆ ಮಾತ್ರ ಗೊತ್ತಾಗುತ್ತೆ. ತಂಗಿ ಮದುವೆ ಮುಂದಕ್ಕೆ ಹೋದಾಗ ಬೆಂಗಳೂರಿನಿಂದ ಮಂಗಳೂರಿಗೆ ಮಾಡಿಸಿದ್ದ ಎರಡು ಟಿಕೆಟ್‌ಗೆ ನನಗೆ ಹೀಗೆ ದುಡ್ಡು ಬಂತು. ಪೂರ್ತಿ ಅಲ್ಲ, ಆದರೆ ಬಿಡುವಂಥದ್ದೂ ಅಲ್ಲ.

ರೆಸಾರ್ಟ್ ಮದುವೆಯ ಬಗ್ಗೆಯೂ ಕೇಳಬೇಕು. ಸ್ನೇಹಿತನ ಮದುವೆ ಕೊಡಗಿನಲ್ಲಿತ್ತು. ರೂಮಿಗೆ ಅಂತ ತಲಾ 9,000 ಅವನ ಖಾತೆಗೇ ಹಾಕಿಸಿಕೊಂಡಿದ್ದ. ಆಮೇಲೆ ಮದುವೆ ಮೈಸೂರಿಗೆ ಬಂತು. ಆ ದುಡ್ಡು?

ಹುಬ್ಬಳ್ಳಿ ವಕೀಲೆ

ಅದನ್ನು ಕೇಳಬಹುದು. ರೂಮಿಗೆ ಅಂತ ಪಡೆದ ದುಡ್ಡು, ರೂಮು ಕೊಡಲಿಲ್ಲ ಅಂದಮೇಲೆ ಇಟ್ಟುಕೊಳ್ಳುವ ಹಾಗಿಲ್ಲ. ಅವನು ಹೋಟೆಲಿಗೆ ಕಟ್ಟಿಬಿಟ್ಟಿದ್ದರೆ ಹೋಟೆಲಿನಿಂದ ಎಷ್ಟು ಬಂತು ಅನ್ನೋ ಲೆಕ್ಕವನ್ನಾದರೂ ತೋರಿಸಬೇಕು. ನೀವೇ ನೇರವಾಗಿ ಹೋಟೆಲಿಗೆ ಕಟ್ಟಿದ್ದರೆ ಮಾತ್ರ ನಿಮ್ಮ ಕರಾರು ಹೋಟೆಲಿನ ಜೊತೆ, ಮದುವೆ ಬದಲಾದದ್ದು ಅವರಿಗೆ ಸಂಬಂಧವಿಲ್ಲ, ಅವರ ರದ್ದತಿ ನಿಯಮವೇ ಲೆಕ್ಕಕ್ಕೆ. ಅದಕ್ಕೇ ಮುಂದೆ ಯಾರಾದರೂ ಹೀಗೆ ದುಡ್ಡು ಕೇಳಿದರೆ, ಯಾವ ಉದ್ದೇಶಕ್ಕೆ ಅಂತ ಫೋನ್‌ಪೇ ಸಂದೇಶದಲ್ಲಿ ಒಂದು ಪದ ಬರೆದು ಕಳಿಸಿ.

ಬಾಗಲಕೋಟೆ ಓದುಗ

ಇಲ್ಲಿ ಎಲ್ಲರೂ ದುಡ್ಡಿನ ಬಗ್ಗೆ ಮಾತಾಡುತ್ತಿದ್ದೀರಿ. ನನ್ನದು ದುಡ್ಡಲ್ಲ. ನನ್ನ ಅಣ್ಣ ಬೇರೆ ಜಾತಿಯ ಹುಡುಗಿಯನ್ನು ಮದುವೆಯಾದ. ಅದಾದ ತಿಂಗಳಿಗೆ ನಮ್ಮ ಸಂಬಂಧಿಕರ ಮನೆ ಗೃಹಪ್ರವೇಶ ಇತ್ತು. ಪತ್ರಿಕೆ ಮೊದಲೇ ಕೊಟ್ಟಿದ್ದರು. ಹಿಂದಿನ ದಿನ ರಾತ್ರಿ ಫೋನ್ ಮಾಡಿ, ‘ಹಿರಿಯರು ಒಪ್ಪುತ್ತಿಲ್ಲ, ನೀವು ಬರಬೇಡಿ’ ಅಂದರು. ಅವ್ವ ಅಷ್ಟೊತ್ತಿಗೆ ಬುತ್ತಿ ಕಟ್ಟಿಟ್ಟಿದ್ದಳು. ಆ ರೊಟ್ಟಿಯನ್ನು ನಾವು ಮನೆಯಲ್ಲೇ ಎರಡು ದಿನ ತಿಂದೆವು. ಇದಕ್ಕೆ ಕಾನೂನಿನಲ್ಲಿ ಏನಿದೆ?

ಹುಬ್ಬಳ್ಳಿ ವಕೀಲೆ

ಓದಿ ಹೊಟ್ಟೆ ಕಿವುಚಿದ ಹಾಗಾಯಿತು.

ನಿಮಗೆ ಸುಳ್ಳು ಸಮಾಧಾನ ಹೇಳಲ್ಲ. ಒಂದು ಮನೆಯವರು ತಮ್ಮ ಮನೆಗೆ ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಅನ್ನೋದರಲ್ಲಿ ಸಿವಿಲ್ ಕೋರ್ಟು ಕೈಹಾಕಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಕಲಮು ಓದುವಾಗ ನಮಗೆ ಕಾಲೇಜಿನಲ್ಲಿ ಕೊಡುವ ಉದಾಹರಣೆಯೇ ಇದು: ಜಾತಿಯ ಊಟಕ್ಕೆ ಕರೆಯಲಿಲ್ಲ ಅನ್ನೋದು ಸಿವಿಲ್ ಹಕ್ಕಿನ ಪ್ರಶ್ನೆ ಅಲ್ಲ. ಆದರೆ ಜಾತಿಯಿಂದಲೇ ಹೊರಗೆ ಹಾಕಿ, ಇರುವ ಹಕ್ಕು ಕಿತ್ತುಕೊಂಡರೆ ಅದು ಸಿವಿಲ್ ದಾವೆ ಆಗುತ್ತೆ ಅಂತಲೂ ಅಲ್ಲೇ ಕಲಿಸುತ್ತಾರೆ.

ಒಂದು ಮನೆಯವರ ಸಣ್ಣತನ ಬೇರೆ. ಊರ ಪಂಚಾಯ್ತಿಯೋ ಕುಲದ ಹಿರಿಯರೋ ಕೂತು ‘ಈ ಮನೆಯವರನ್ನು ಯಾರೂ ಕರೆಯಬಾರದು, ಕರೆದರೆ ದಂಡ’ ಅಂತ ಕಟ್ಟು ಮಾಡುವುದು ಬೇರೆ. ಎರಡನೆಯದು ಬಹಿಷ್ಕಾರ. ಪರಿಶಿಷ್ಟ ಜಾತಿ, ಪಂಗಡದವರ ಮೇಲೆ ಬೇರೆಯವರು ಹಾಗೆ ಮಾಡಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಅದು ಅಪರಾಧ. ಪಕ್ಕದ ಮಹಾರಾಷ್ಟ್ರ 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. ನಿಮ್ಮ ಊರಲ್ಲಿ ‘ಹಿರಿಯರು’ ಅಂದರೆ ಯಾರು? ಒಬ್ಬ ಅಜ್ಜನಾ, ಇಲ್ಲ ಕೂತು ತೀರ್ಮಾನ ಮಾಡಿದ ಗುಂಪಾ? ಬೇರೆ ಮನೆಯವರೂ ಕರೆಯುವುದು ನಿಲ್ಲಿಸಿದ್ದಾರಾ? ಅಂಗಡಿ, ನೀರು, ಕೂಲಿ ಏನಾದರೂ ತಪ್ಪಿಸಿದ್ದಾರಾ? ಹಾಗಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ನೆರವು ಸಿಗುತ್ತೆ. ನಿಮ್ಮ ಅವ್ವನ ಹೆಸರಿನಲ್ಲೇ ಅರ್ಜಿ ಕೊಡಿ. ನನಗೂ ಸಂದೇಶ ಕಳಿಸಿ.

ಸಾಗರದ ಅಜ್ಜ

ನನಗೆ 74. ಕಾನೂನು ಗೊತ್ತಿಲ್ಲ. ನಡೆದದ್ದು ಒಂದು ಹೇಳುತ್ತೇನೆ.

1987. ಸೊರಬದ ಹತ್ತಿರದ ಒಂದು ಹಳ್ಳಿಯಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವರ ತಂಗಿಯ ಮದುವೆ. ನಾನಾಗ ರಾಯಚೂರಿನಲ್ಲಿದ್ದೆ. ರಾತ್ರಿಯಿಡೀ ಬಸ್ಸು, ಮತ್ತೆ ಎರಡು ಬಸ್ಸು, ಆಮೇಲೆ ಮೂರು ಮೈಲಿ ನಡೆದೆ. ಹೋದರೆ ಚಪ್ಪರ ಇದೆ, ಮಾವಿನ ತೋರಣ ಬಾಡಿದೆ, ಜನ ಇಲ್ಲ. ಒಂದು ನಾಯಿ ಚಪ್ಪರದ ಕೆಳಗೆ ಮಲಗಿತ್ತು. ಹುಡುಗಿಯ ದೊಡ್ಡಪ್ಪ ಮೂರು ದಿನದ ಹಿಂದೆ ತೀರಿಕೊಂಡಿದ್ದರು. ಸೂತಕ. ಮದುವೆ ಮುಂದಕ್ಕೆ ಹೋಗಿತ್ತು. ನನಗೆ ಟೆಲಿಗ್ರಾಂ ಕೊಟ್ಟಿದ್ದರು, ಅದು ಬರುವ ಮುಂಚೆಯೇ ನಾನು ಹೊರಟಿದ್ದೆ.

ನನ್ನನ್ನು ನೋಡಿ ಗೆಳೆಯ ಗಾಬರಿಯಾದ. ಸೂತಕದ ಮನೆ, ಅಲ್ಲಿ ಊಟ ಹಾಕುವ ಹಾಗಿಲ್ಲ. ಪಕ್ಕದ ಮನೆಯವರು ಏನೂ ಕೇಳದೆ ಬಾಳೆಲೆ ಹಾಕಿದರು. ಸಂಜೆವರೆಗೆ ಗೆಳೆಯನ ಜೊತೆ ಜಗಲಿಯಲ್ಲಿ ಕೂತಿದ್ದೆ. ಹೊರಡುವಾಗ ಅವನ ತಾಯಿ ಬಾಗಿಲ ತನಕ ಬಂದು, ‘ನಿಮಗೆ ಸುದ್ದಿ ಮುಟ್ಟಿಸೋಕೆ ಆಗಲಿಲ್ಲ, ತಪ್ಪಾಯಿತು’ ಅಂದರು. ಮನೆಯಲ್ಲಿ ಸಾವು ಆಗಿರುವ ಹೆಂಗಸು, ನನ್ನ ಬಸ್ಸಿನ ಚಾರ್ಜಿನ ಬಗ್ಗೆ ಯೋಚನೆ ಮಾಡಿದ್ದರು.

ಎರಡು ತಿಂಗಳಾದ ಮೇಲೆ ಮದುವೆ ಆಯಿತು. ಮತ್ತೆ ಹೋದೆ. ಈ ಸಲ ಪತ್ರಿಕೆ ಕೊಡೋಕೆ ಗೆಳೆಯ ತಾನೇ ಬಂದಿದ್ದ. ತಾರೀಖು ಬದಲಾದರೆ ಮೊದಲಿನಿಂದ ಕರೆಯಬೇಕು, ಅಕ್ಷತೆ ಹೊಸದಾಗಿ ಕೊಡಬೇಕು ಅಂತ ಆಗ ನಡೆಯುತ್ತಿತ್ತು ನಮ್ಮ ಕಡೆ.

ಬೆಂಗಳೂರು ಜಯನಗರ

ಅಜ್ಜ ಹೇಳಿದ್ದು ಓದಿ ಇನ್ನೊಂದು ನೆನಪಾಯಿತು. 2025ರ ಜೂನ್ 4ರಂದು ಆರ್‌ಸಿಬಿ ಕ್ರಿಕೆಟ್ ತಂಡದ ಗೆಲುವಿನ ಸಂಭ್ರಮಕ್ಕೆ ಜನ ಸೇರಿ, ಚಿನ್ನಸ್ವಾಮಿ ಕ್ರೀಡಾಂಗಣದ ಹತ್ತಿರ ಕಾಲ್ತುಳಿತದಲ್ಲಿ 11 ಜನ ಸತ್ತರು. ಮೆರವಣಿಗೆ ಇದೆಯಾ ಇಲ್ಲವಾ, ಪಾಸು ಬೇಕಾ ಬೇಡವಾ, ಆ ದಿನ ಪೂರ್ತಿ ಗೊಂದಲ. ನನ್ನ ತಮ್ಮನೂ ಹೋಗಿದ್ದ, ಕಬ್ಬನ್ ಪಾರ್ಕ್ ಮೆಟ್ರೋ ಹತ್ತಿರದಿಂದಲೇ ಹಿಂದೆ ಬಂದ. ಅಂಥ ಕಡೆ ಯಾರೂ ದುಡ್ಡು ಕೊಟ್ಟಿರಲ್ಲ. ಹಾಗಾದರೆ ಅವರಿಗೆ ಏನೂ ಹಕ್ಕಿಲ್ವಾ?

ಹುಬ್ಬಳ್ಳಿ ವಕೀಲೆ

ಇದೆ. ಟಿಕೆಟ್ ಇಲ್ಲದಿದ್ದರೆ ಗ್ರಾಹಕ ಅಲ್ಲದಿರಬಹುದು. ಜನರನ್ನು ಸೇರಿಸಿದವರ ಮೇಲೆ ಅವರ ಸುರಕ್ಷತೆಯ ಹೊಣೆ ಇದೆ, ಅದಕ್ಕೆ ಕರಾರು ಬೇಡ. ನಿರ್ಲಕ್ಷ್ಯದಿಂದ ಜೀವ ಹೋದರೆ ಪರಿಹಾರಕ್ಕೂ ದಾರಿ ಇದೆ, ಕ್ರಿಮಿನಲ್ ಕೇಸಿಗೂ ಇದೆ. ಮದುವೆ ಮನೆಗೂ ಇದೇ ಮಾತು. ಚಪ್ಪರ ಕುಸಿದರೆ ‘ನಾವು ಸುಮ್ನೆ ಊಟಕ್ಕೆ ಕರೆದದ್ದು’ ಅಂತ ಹೇಳಿ ತಪ್ಪಿಸಿಕೊಳ್ಳೋಕೆ ಆಗಲ್ಲ.

ಡೊಂಬಿವಲಿ ಕನ್ನಡತಿ

ಎಲ್ಲವನ್ನೂ ಎರಡು ಸಲ ಓದಿದೆ, ಯಜಮಾನರಿಗೂ ಓದಿ ಹೇಳಿದೆ. ತುಮಕೂರಿನವರ ನೋಟ್‌ಬುಕ್ ವಿಷಯ ಕೇಳಿ ಅವರು ಸುಮ್ಮನಾದರು.

ನಿನ್ನೆ ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಹುಡುಗನ ಅಜ್ಜಿಗೆ ಹುಷಾರಿಲ್ಲವಂತೆ, ಡಾಕ್ಟರು ಹೆಚ್ಚು ದಿನ ಹೇಳಿಲ್ಲ. ಅವರು ಕಣ್ಣಾರೆ ನೋಡಲಿ ಅಂತ ಬೇಗ ಮಾಡುತ್ತಿದ್ದಾರೆ. ಗುಂಪಿನಲ್ಲಿ ಅದನ್ನು ಬರೆಯೋಕೆ ಮನಸ್ಸು ಬರಲಿಲ್ಲ ಅಂದರು. ನನಗೆ ಒಬ್ಬಳಿಗಾದರೂ ಹೇಳಬಹುದಿತ್ತು ಚಿಕ್ಕಪ್ಪ ಅಂದೆ. ‘ಹೌದು’ ಅಂದರು. ಟಿಕೆಟ್ ದುಡ್ಡಿನ ಮಾತು ಅವರೇ ಎತ್ತಿದರು, ನಾನು ಬೇಡ ಅಂದೆ. ಆದರೆ ಒಂದು ಕೇಳಿದೆ. ಹೊರ ಊರಿನಿಂದ ಬರುವವರ ಪಟ್ಟಿ ಕೊಡಿ, ಎಲ್ಲರಿಗೂ ಗೊತ್ತಾಗಿದೆಯಾ ನಾನೇ ವಿಚಾರಿಸುತ್ತೇನೆ ಅಂತ.

ಹದಿನಾಲ್ಕು ಮನೆ. ಇವತ್ತು ಬೆಳಿಗ್ಗೆಯಿಂದ ಫೋನ್ ಮಾಡುತ್ತಿದ್ದೇನೆ. ಮೂರು ಮನೆಯವರಿಗೆ ಗೊತ್ತೇ ಇರಲಿಲ್ಲ. ಅಂಕೋಲದ ಸೋದರತ್ತೆ ವಾಟ್ಸಾಪ್ ಇಲ್ಲದ ಫೋನ್ ಇಟ್ಟುಕೊಂಡವರು. ಹಳೇ ತಾರೀಖಿಗೆ ಸರಿಯಾಗಿ ಬ್ಲೌಸ್ ಹೊಲಿಸೋಕೆ ಕೊಟ್ಟಿದ್ದರು. ‘ಫೋನ್ ಇಡು, ಟೈಲರ್ ಅಂಗಡಿ ಊಟಕ್ಕೆ ಮುಚ್ಚುವ ಮೊದಲು ಹೋಗಬೇಕು’ ಅಂದರು.